ನೋಡುವವರಿಗಾಗಿ ಅಲ್ಲದ ಆಟ

ಮಹಿಳೆಯರ ರೋಲರ್ ಡರ್ಬಿ ಪಂದ್ಯಕ್ಕೆ ಮೊದಲ ಸಲ ಬಂದವರನ್ನು ಗುಂಪಿನಲ್ಲಿ ಗುರುತಿಸುವುದು ಕಷ್ಟವಲ್ಲ. ಸುತ್ತಲಿನವರೆಲ್ಲ ಎದ್ದು ನಿಂತು ಕೂಗುವಾಗ ಇವರು ಕುಳಿತಿರುತ್ತಾರೆ. ಯಾರೋ ಧಡಾರನೆ ಬಿದ್ದಾಗ ಇವರೊಬ್ಬರೇ ಚಪ್ಪಾಳೆ ತಟ್ಟಿ, ಉಳಿದವರು ಸುಮ್ಮನಿರುವುದನ್ನು ಕಂಡು ಮೆಲ್ಲಗೆ ಕೈಯನ್ನು ಜೇಬಿಗೆ ಇಳಿಸುತ್ತಾರೆ. ಅಮೆರಿಕದ ಆಸ್ಟಿನ್ನೋ ಪೋರ್ಟ್‌ಲ್ಯಾಂಡೋ ಯಾವುದೋ ಒಂದು ಊರು, ಶನಿವಾರದ ಸಂಜೆ, ನಯವಾದ ನೆಲದ ಮೇಲೆ ಟೇಪು ಅಂಟಿಸಿ ಮಾಡಿದ ಅಂಡಾಕಾರದ ಟ್ರ್ಯಾಕು. ಅದರ ಮೇಲೆ ಕಾಲಿಗೆ ನಾಲ್ಕು ನಾಲ್ಕು ಚಕ್ರ ಕಟ್ಟಿಕೊಂಡ ಹತ್ತು ಮಂದಿ ಹೆಂಗಸರು; ತಲೆಗೆ ಹೆಲ್ಮೆಟ್ಟು, ಮೊಣಕಾಲಿಗೆ ಮೊಣಕೈಗೆ ಪ್ಯಾಡು, ಬಾಯಲ್ಲಿ ಹಲ್ಲು ಕಾಯುವ ಗಾರ್ಡು. ಸೀಟಿ ಕೇಳುತ್ತದೆ. ಎಲ್ಲರೂ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮೊದಲ ಸಲದವರ ಕಣ್ಣಿಗೆ ಏನೂ ಆಗದಿದ್ದರೂ ಬೋರ್ಡಿನಲ್ಲಿ ನಾಲ್ಕು ಅಂಕ ಏರುತ್ತದೆ. ಒಬ್ಬಾಕೆ ಎರಡೂ ಕೈಗಳಿಂದ ತನ್ನ ಸೊಂಟ ತಟ್ಟಿಕೊಳ್ಳುತ್ತಾಳೆ. ತಕ್ಷಣ ಎಲ್ಲ ನಿಲ್ಲುತ್ತದೆ. ಅರ್ಧ ನಿಮಿಷಕ್ಕೆ ಮತ್ತೆ ಸೀಟಿ. ಪಕ್ಕದ ಸೀಟಿನ ಉತ್ಸಾಹಿ ಅಭಿಮಾನಿ ವಿವರಿಸಲು ಮುಂದಾಗುತ್ತಾನೆ. ಅವನ ವಿವರಣೆ ಮುಗಿದ ಮೇಲೆ ಅದುವರೆಗೆ ತಿಳಿದಿದ್ದೂ ಮರೆತುಹೋಗುತ್ತದೆ. ಈ ಗೊಂದಲಕ್ಕೆ ನೋಡುಗರು ನಾಚಬೇಕಾಗಿಲ್ಲ ಎಂಬುದು ನನ್ನ ವಾದ. ಅದು ನೋಡುಗರ ದಡ್ಡತನವಲ್ಲ, ಆಟದ ದೋಷವೂ ಅಲ್ಲ. ನೋಡುವವರ ಜೇಬಿಗೆಂದೇ ಹುಟ್ಟಿದ್ದ ಒಂದು ಆಟ ಆಡುವವರ ಕೈಗೆ ಬಂದಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಮೊದಲು ಆಟವನ್ನು ಅರ್ಥವಾಗುವಷ್ಟು ಹೇಳಿಬಿಡಬೇಕು. ಕಬಡ್ಡಿ ಬಲ್ಲವರಿಗೆ ಅರ್ಧ ಕೆಲಸ ಆಗಲೇ ಮುಗಿದಿದೆ. ಒಂದು ತಂಡದಿಂದ ಐವರು. ಅವರಲ್ಲಿ ಒಬ್ಬಾಕೆಯ ಹೆಲ್ಮೆಟ್ಟಿನ ಮೇಲೆ ನಕ್ಷತ್ರ. ಅವಳು ಜ್ಯಾಮರ್, ಅಂದರೆ ನಮ್ಮ ರೇಡರ್. ಉಳಿದ ನಾಲ್ವರು ಬ್ಲಾಕರುಗಳು. ಎದುರಾಳಿಯ ಜ್ಯಾಮರನ್ನು ಎದೆ, ಭುಜ, ಸೊಂಟಗಳಿಂದ ತಡೆಯುವುದು ಇವರ ಉದ್ಯೋಗ. ಜ್ಯಾಮರ್ ಒಮ್ಮೆ ಈ ಗುಂಪನ್ನು ದಾಟಿದರೆ ಅಂಕವಿಲ್ಲ, ಅದು ಬರೀ ಪ್ರವೇಶ ಶುಲ್ಕ. ಸುತ್ತು ಹಾಕಿ ಬಂದು ಮತ್ತೆ ದಾಟುವಾಗ ಹಿಂದಿಕ್ಕಿದ ಪ್ರತಿ ಎದುರಾಳಿ ಬ್ಲಾಕರಿಗೂ ಒಂದೊಂದು ಅಂಕ. ಸೀಟಿ ಆದಾಗಿನಿಂದ ಆಟ ನಿಲ್ಲುವವರೆಗಿನ ಇಂಥ ಒಂದು ಸರದಿಯನ್ನೇ ಜ್ಯಾಮ್ ಎನ್ನುತ್ತಾರೆ. ಅದು ಹೆಚ್ಚೆಂದರೆ ಎರಡು ನಿಮಿಷ. ಅಂಥ ಜ್ಯಾಮುಗಳನ್ನು ಪೋಣಿಸಿದ ಮೂವತ್ತು ಮೂವತ್ತು ನಿಮಿಷದ ಎರಡು ಅವಧಿಗಳೇ ಒಂದು ಪಂದ್ಯ. ಆದರೆ ಕಬಡ್ಡಿಯ ರೇಡಿಗೆ ಒಬ್ಬಳೇ ಹೋದರೆ, ಇಲ್ಲಿ ಎರಡೂ ಕಡೆಯ ರೇಡರುಗಳು ಒಂದೇ ಹೊತ್ತಿಗೆ ಹೊರಡುತ್ತಾರೆ. ಹಾಗಾಗಿ ಬ್ಲಾಕರುಗಳು ಎದುರಾಳಿಗೆ ಬಾಗಿಲು ಮುಚ್ಚುತ್ತ, ಅದೇ ಕ್ಷಣದಲ್ಲಿ ತಮ್ಮವಳಿಗೆ ಬಾಗಿಲು ತೆರೆಯಬೇಕು. ಕ್ರಿಕೆಟ್ಟಿನಂತೆ ಈಗ ಬ್ಯಾಟಿಂಗು, ಊಟವಾದ ಮೇಲೆ ಬೌಲಿಂಗು ಎಂಬ ಸಾವಧಾನ ಇಲ್ಲಿಲ್ಲ. ತಪ್ಪು ಮಾಡದೆ ಮೊದಲು ಗುಂಪು ದಾಟಿದ ಜ್ಯಾಮರಿಗೆ ಒಂದು ವಿಶೇಷಾಧಿಕಾರವಿದೆ: ಅವಳು ಸೊಂಟ ತಟ್ಟಿ ಜ್ಯಾಮನ್ನು ಬೇಕೆಂದಾಗ ಮುಗಿಸಬಹುದು. ತಾನು ನಾಲ್ಕು ಅಂಕ ಗಳಿಸಿ, ಎದುರಾಳಿ ಗಳಿಸುವ ಮೊದಲೇ ಅಂಗಡಿ ಮುಚ್ಚುವುದು ಈ ಆಟದ ಜಾಣತನಗಳಲ್ಲಿ ಮುಖ್ಯವಾದದ್ದು. ನಮ್ಮ ಬೀದಿಗಳಲ್ಲಿ ಹೆಂಗಸರ ಕೈ ಸೊಂಟಕ್ಕೆ ಹೋದರೆ ಜಗಳ ಶುರುವಾಯಿತೆಂದು ಅರ್ಥ; ಇಲ್ಲಿ ಮುಗಿಯಿತೆಂದು ಅರ್ಥ.

ಈ ಆಟ ಹುಟ್ಟಿದಾಗ ಇಷ್ಟೊಂದು ವಿವರಣೆ ಬೇಕಿರಲಿಲ್ಲ. 1935ರ ಆಗಸ್ಟಿನಲ್ಲಿ ಶಿಕಾಗೋದ ಕೊಲಿಸಿಯಂನಲ್ಲಿ ಲಿಯೋ ಸೆಲ್ಟ್ಸರ್ ಎಂಬ ಉದ್ಯಮಿ ಇದನ್ನು ಶುರುಮಾಡಿದ. ಒರೆಗಾನ್‌ನಲ್ಲಿ ಚಿತ್ರಮಂದಿರ ನಡೆಸಿ, ಆಮೇಲೆ ದಿನಗಟ್ಟಲೆ ಜನರನ್ನು ನಡೆಸಿ ಟಿಕೆಟ್ ಮಾರುವ ಸ್ಪರ್ಧೆಗಳಲ್ಲಿ ಪಳಗಿದವನು ಅವನು. ಆರ್ಥಿಕ ಮುಗ್ಗಟ್ಟಿನ ಆ ಕಾಲದಲ್ಲಿ ಕೆಲಸವಿಲ್ಲದವರಿಗೆ ಇನ್ನೊಬ್ಬರು ದಣಿಯುವುದನ್ನು ನೋಡುವುದೂ ಒಂದು ಮನರಂಜನೆಯಾಗಿತ್ತು. ಒಂದು ಗಂಡು, ಒಂದು ಹೆಣ್ಣು ಸೇರಿ ಒಂದು ಜೋಡಿ. ದೇಶದ ಒಂದು ಕಡಲತೀರದಿಂದ ಇನ್ನೊಂದಕ್ಕೆ ಎಷ್ಟು ದೂರವೋ ಅಷ್ಟನ್ನು ಅವರು ಒಂದೇ ಕಟ್ಟಡದೊಳಗೆ, ಸುಮಾರು 57,000 ಸುತ್ತುಗಳಲ್ಲಿ, ವಾರಗಟ್ಟಲೆ ಸ್ಕೇಟ್ ಮಾಡಿ ಮುಗಿಸಬೇಕು. ಯಾರು ಎಲ್ಲಿಗೆ ತಲುಪಿದರೆಂದು ತೋರಿಸಲು ದೊಡ್ಡದೊಂದು ನಕ್ಷೆ. ಇದರಲ್ಲಿ ಅರ್ಥವಾಗದಿರಲು ಏನಿದೆ? ಆದರೆ ಸುಸ್ತಾದವರು ಡಿಕ್ಕಿ ಹೊಡೆದು ಬಿದ್ದಾಗಲೇ ಜನ ಹೆಚ್ಚು ಕೂಗುತ್ತಾರೆಂಬುದು ಬೇಗ ಗೊತ್ತಾಯಿತು. 1930ರ ದಶಕದ ಕೊನೆಯಲ್ಲಿ ಡೇಮನ್ ರನ್ಯನ್ ಎಂಬ ಹೆಸರಾಂತ ಕ್ರೀಡಾ ಬರಹಗಾರ, ಹಾಗಾದರೆ ಡಿಕ್ಕಿಯನ್ನೇ ಆಟವಾಗಿಸಬಾರದೇಕೆ ಎಂದು ಸಲಹೆ ಕೊಟ್ಟ. ದೂರದ ಓಟ ಹೋಗಿ ತಳ್ಳಾಟ ಮತ್ತು ಅಂಕ ಬಂದವು. 1940ರ ದಶಕದ ಕೊನೆಗೆ ಟೆಲಿವಿಷನ್ ಬಂದಾಗ ಡರ್ಬಿ ಅಮೆರಿಕದ ಮನೆಮನೆಗೆ ಹೋಯಿತು. ಕ್ಯಾಮೆರಾಕ್ಕೆ ಬೇಕಾದುದು ಸರಳ ಕಥೆ: ಒಬ್ಬಳು ಒಳ್ಳೆಯವಳು, ಒಬ್ಬಳು ಕೆಟ್ಟವಳು, ನಡುವೆ ಜುಟ್ಟು. ಮಿಜ್ ಬ್ರಾಸನ್, ಮುಂದೆ ಜೋನ್ ವೆಸ್ಟನ್, ಆನ್ ಕಾಲ್ವೆಲ್ಲೊ ಮೊದಲಾದವರು ನಿಜಕ್ಕೂ ಗಟ್ಟಿ ಸ್ಕೇಟರುಗಳೇ. ಗಂಡಸರು ಒಂದು ಅವಧಿ, ಹೆಂಗಸರು ಒಂದು ಅವಧಿ, ಇಬ್ಬರಿಗೂ ಒಂದೇ ನಿಯಮ ಎಂಬುದು ಆ ಕಾಲಕ್ಕೆ ಸಣ್ಣ ಸಂಗತಿಯೂ ಅಲ್ಲ. ಆದರೆ ಆಟದ ಒಡೆತನ ಅವರದಾಗಿರಲಿಲ್ಲ. ಟಿಕೆಟ್ ಕೊಂಡವನಿಗೆ ಏನು ಹಿಡಿಸುತ್ತದೋ ಅದೇ ನಿಯಮ. ಜಗಳ ಹಿಡಿಸಿದರೆ ಜಗಳ, ನಾಟಕ ಹಿಡಿಸಿದರೆ ನಾಟಕ.

ನೋಡುಗರನ್ನೇ ನಂಬಿ ಬದುಕುವ ಆಟಕ್ಕೆ ಒಂದು ಅಪಾಯವಿದೆ: ನೋಡುಗರಿಗೆ ಬೇಸರವಾದರೆ ಅದಕ್ಕೆ ಉಳಿಯಲು ಬೇರೆ ಕಾರಣವೇ ಇರುವುದಿಲ್ಲ. 1973ರಲ್ಲಿ ಲಿಯೋನ ಮಗ ಜೆರ್ರಿ ಸೆಲ್ಟ್ಸರ್ ಖರ್ಚು ತೂಗಿಸಲಾಗದೆ ಬಾಗಿಲು ಹಾಕಿದ. ಆಮೇಲೆ ಅದನ್ನು ಬದುಕಿಸಲು ನಡೆದ ಪ್ರಯತ್ನಗಳು ನೋಡುಗರ ಮೇಲಿನ ನಂಬಿಕೆಯನ್ನು ಇನ್ನೂ ಹೆಚ್ಚಿಸಿದವೇ ಹೊರತು ಕಡಿಮೆ ಮಾಡಲಿಲ್ಲ. 1989ರಲ್ಲಿ ಟೆಲಿವಿಷನ್ನಿಗೆಂದು ಬಂದ ‘ರೋಲರ್‌ಗೇಮ್ಸ್’ ಟ್ರ್ಯಾಕನ್ನು ಇಂಗ್ಲಿಷಿನ ಎಂಟರ ಆಕಾರಕ್ಕೆ ತಿರುಚಿ, ಸಮಬಲವಾದರೆ ಉಪಯೋಗಕ್ಕಿರಲೆಂದು ಮೊಸಳೆಗಳ ಹೊಂಡವನ್ನೂ ಇಟ್ಟುಕೊಂಡಿತ್ತು. ಒಂದು ಆಟಕ್ಕೆ ಮೊಸಳೆಯ ಸಹಾಯ ಬೇಕಾದಾಗ ಅದರ ಆಯುಸ್ಸು ಎಷ್ಟು ಉಳಿದಿದೆ ಎಂದು ಹೇಳಲು ಜ್ಯೋತಿಷ್ಯ ಬೇಡ. ಆ ಕಾರ್ಯಕ್ರಮ ಬಹುಕಾಲ ಬಾಳಲಿಲ್ಲ. 2001ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಮತ್ತೊಬ್ಬ ಉತ್ಸಾಹಿ ಗಂಡಸು ಹೆಂಗಸರನ್ನು ಕಲೆಹಾಕಿ, ಸರ್ಕಸ್ಸಿಗೆ ಹತ್ತಿರವಾದ ಡರ್ಬಿಯ ಕನಸು ಹಂಚಿ, ಸ್ವಲ್ಪ ಕಾಲಕ್ಕೇ ಕಾಣೆಯಾದ. ಹೆಂಗಸರು ಉಳಿದರು. ಸ್ಕೇಟು ಹೇಗೂ ಕೊಂಡಾಗಿತ್ತು. ನಾಲ್ವರು ಮುಂದಾಳುಗಳು ಸೇರಿ ತಾವೇ ಒಂದು ಕಂಪನಿ ಕಟ್ಟಿ ಆಟ ನಡೆಸಿದರು. ಸ್ವಾರಸ್ಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಡತಿಯರು ಹೆಂಗಸರೇ ಆದರೂ ಆಡುವವರಿಗೆ ಪಾಲಿಲ್ಲವಲ್ಲ ಎಂದು 2003ರಲ್ಲಿ ಬಹಳಷ್ಟು ಆಟಗಾರ್ತಿಯರು ಹೊರನಡೆದು, ತಮ್ಮದೇ ಒಡೆತನದ ಟೆಕ್ಸಾಸ್ ರೋಲರ್‌ಗರ್ಲ್ಸ್ ಕಟ್ಟಿಕೊಂಡರು. ಗಂಡಸಿನಿಂದ ಬಿಡಿಸಿಕೊಂಡದ್ದು ಮೊದಲ ಸ್ವಾತಂತ್ರ್ಯವಾದರೆ, ಮಾಲೀಕರಿಂದ ಬಿಡಿಸಿಕೊಂಡದ್ದು ಎರಡನೆಯದು. ಎರಡನೆಯದು ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ.

ಏಕೆಂದರೆ ಈಗಿನ ಡರ್ಬಿಯ ಮೈಕಟ್ಟೆಲ್ಲ ಆ ಎರಡನೆಯ ಬಿಡುಗಡೆಯಿಂದ ಬಂದದ್ದು. ಹಳೆಯ ಡರ್ಬಿಯ ಟ್ರ್ಯಾಕು ಅಂಚಿನತ್ತ ಎತ್ತರಿಸಿದ ಮರದ ದುಬಾರಿ ಕಟ್ಟೋಣ; ವೇಗವೂ ಹೆಚ್ಚು, ಬಿದ್ದಾಗಿನ ಚಂದವೂ ಹೆಚ್ಚು. ಆಡುವವರ ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ. ಅವರು ಸಮತಟ್ಟಾದ ನೆಲದ ಮೇಲೆ ಹಗ್ಗ ಎಳೆದು ಮೇಲೆ ಟೇಪು ಅಂಟಿಸಿದರು. ಆ ಟೇಪೇ ಡರ್ಬಿಯನ್ನು ಊರೂರಿಗೆ ಒಯ್ದಿತು. 2004ರಲ್ಲಿ ಒಂದಾದ ಲೀಗುಗಳು ಮರುವರ್ಷ ವಿಮೆನ್ಸ್ ಫ್ಲ್ಯಾಟ್ ಟ್ರ್ಯಾಕ್ ಡರ್ಬಿ ಅಸೋಸಿಯೇಷನ್ ಎಂಬ ಹೆಸರು ಇಟ್ಟುಕೊಂಡವು. 2010ರ ದಶಕದ ಕೊನೆಗೆ ಸದಸ್ಯ ಲೀಗುಗಳು ನಾನೂರರ ಆಸುಪಾಸು. ಸದಸ್ಯತ್ವಕ್ಕೆ ಒಂದು ಮುಖ್ಯ ಷರತ್ತು, ಲೀಗಿನ ಒಡೆತನದಲ್ಲಿ ಅರ್ಧಕ್ಕಿಂತ ಹೆಚ್ಚು ಆಟಗಾರ್ತಿಯರದೇ ಇರಬೇಕು ಎಂಬುದು. ನಿಯಮ ತಿದ್ದುವವರು ಅವರೇ, ಅದರಿಂದ ಒದ್ದಾಡುವವರೂ ಅವರೇ. ಇದರ ಫಲವನ್ನು ಟ್ರ್ಯಾಕಿನ ಮೇಲೆ ನೋಡಬಹುದು. ಎದುರಾಳಿ ಜ್ಯಾಮರನ್ನು ಗೆರೆಯಾಚೆ ತಳ್ಳಿದ ಬ್ಲಾಕರ್ ಮುಂದೆ ಓಡುವುದಿಲ್ಲ, ಹಿಂದೆ ಸರಿಯುತ್ತಾಳೆ. ಬಿದ್ದವಳು ತನ್ನನ್ನು ತಳ್ಳಿದವಳ ಹಿಂದಿನಿಂದಲೇ ಒಳಗೆ ಬರಬೇಕೆಂಬ ನಿಯಮವಿರುವುದರಿಂದ ಅವಳೂ ಹಿಂದಕ್ಕೆ ಹೋಗಬೇಕು. ಹೀಗಾಗಿ ಓಟದ ಆಟದ ಅತ್ಯುತ್ತಮ ಕ್ಷಣದಲ್ಲಿ ಎಲ್ಲರೂ ಹಿಮ್ಮುಖವಾಗಿ ಹೋಗುತ್ತಿರುತ್ತಾರೆ. ಆಗಲೇ ಬಲ್ಲವರು ಎದ್ದು ಕೂಗುವುದು, ಮೊದಲ ಸಲದವರು ಟಿಕೆಟ್ಟಿನ ಬೆಲೆ ನೆನೆಯುವುದು. ಇದಕ್ಕಿಂತ ಬಲವಾದ ಪುರಾವೆಯೂ ಇದೆ. ಹಿಂದೆ ಬ್ಲಾಕರುಗಳ ಗುಂಪು ಹೊರಟ ಮೇಲೆಯೇ ಜ್ಯಾಮರುಗಳಿಗೆ ಎರಡನೆಯ ಸೀಟಿ ಆಗುತ್ತಿತ್ತು. ಗುಂಪು ಹೊರಡದಿದ್ದರೆ? ಜ್ಯಾಮರೂ ಹೊರಡುವಂತಿಲ್ಲ. ಈ ಲೋಪವನ್ನು ತಂಡಗಳು ಕಂಡುಕೊಂಡ ಮೇಲೆ, ಮುನ್ನಡೆ ಕಾಯಲು ಚಕ್ರ ಕಟ್ಟಿಕೊಂಡ ಹೆಂಗಸರು ಟ್ರ್ಯಾಕಿನ ಮೇಲೆ ಅಲುಗಾಡದೆ ನಿಂತು ಕಾಲ ಕಳೆದ ಪಂದ್ಯಗಳೂ ನಡೆದವು. ಟಿಕೆಟ್ ಮಾರುವ ಮಾಲೀಕನಾಗಿದ್ದರೆ ಮರುದಿನವೇ ಇದನ್ನು ನಿಷೇಧಿಸುತ್ತಿದ್ದ. ಇವರು ಚರ್ಚೆ ಮಾಡಿದರು, ಜಗಳವಾಡಿದರು, ಮತ್ತಷ್ಟು ಚರ್ಚೆ ಮಾಡಿದರು. ಕೊನೆಗೆ 2013ರ ನಿಯಮಾವಳಿಯಲ್ಲಿ ಎಲ್ಲರೂ ಒಂದೇ ಸೀಟಿಗೆ ಹೊರಡಬೇಕೆಂದಾಯಿತು. ನಾಲ್ಕು ಸೇರಿದರೆ ಒಂದು ಶಿಕ್ಷೆ ಎಂಬ ಸಣ್ಣ ತಪ್ಪುಗಳ ಲೆಕ್ಕವನ್ನೂ ತೆಗೆದುಹಾಕಿದರು. ನೋಡುಗರು ಬೈದದ್ದೂ ಇದಕ್ಕೆ ಒಂದು ಕಾರಣ ಎಂದು ಯಾರಾದರೂ ಹೇಳಿದರೆ ನಿಜವೇ. ಬೈಯುವ ಹಕ್ಕು ನೋಡುಗರದು. ತೀರ್ಮಾನಿಸುವ ಹಕ್ಕು ಆಡುವವರದು.

ಇಲ್ಲಿ ಮೊದಲ ಆಕ್ಷೇಪಣೆ ಏಳುತ್ತದೆ. ನೋಡುಗರಿಗಾಗಿ ಅಲ್ಲವೆಂದ ಮೇಲೆ ಆ ಬಲೆಬಲೆಯ ಕಾಲುಚೀಲ ಯಾರಿಗಾಗಿ? ಮುಖಕ್ಕೆ ಬಣ್ಣವೇಕೆ? ಅಂಗಿಯ ಬೆನ್ನಿನ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಬಿಟ್ಟು ಬೋನಿ ಥಂಡರ್ಸ್, ಸೂಜಿ ಹಾಟ್‌ರಾಡ್ ಎಂಬ ಬಿರುದುಗಳೇಕೆ? ಇದು ಪ್ರದರ್ಶನವಲ್ಲದೆ ಇನ್ನೇನು? ಪ್ರಶ್ನೆ ಸರಿಯಾದದ್ದೇ. ಆಸ್ಟಿನ್‌ನ ಮೊದಮೊದಲ ವರ್ಷಗಳಲ್ಲಿ ಪ್ರದರ್ಶನ ಇನ್ನೂ ಹೆಚ್ಚೇ ಇತ್ತು. ತಪ್ಪು ಮಾಡಿದವರ ಮುಂದೆ ಒಂದು ಚಕ್ರ ತಿರುಗಿಸಿ, ಬಂದ ಶಿಕ್ಷೆಯನ್ನು ಕೊಡುತ್ತಿದ್ದರು. ಅದರಲ್ಲಿ ಕೈ ಕುಸ್ತಿ, ದಿಂಬಿನ ಹೊಡೆದಾಟ ಎಲ್ಲ ಇದ್ದವು. ಈಗಿನ ಸಮತಟ್ಟು ಟ್ರ್ಯಾಕಿನಲ್ಲಿ ತಪ್ಪಿತಸ್ಥೆ ಪಕ್ಕದ ಕುರ್ಚಿಯಲ್ಲಿ ಮೂವತ್ತು ಸೆಕೆಂಡು ಕೂರಬೇಕು, ಅಷ್ಟೆ. ಏಳು ಸಲ ಕೂತರೆ ಆ ದಿನದ ಮಟ್ಟಿಗೆ ಆಟ ಮುಗಿಯಿತು. ನಿಮಿಷದ ಹಿಂದೆ ಮೂವರನ್ನು ಒಟ್ಟಿಗೆ ಉರುಳಿಸಿದ ಭಾರೀ ಬ್ಲಾಕರ್ ರೆಫರಿಯ ಒಂದು ಕೈಸನ್ನೆಗೆ ತಾನಾಗಿ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸಂಭಾವಿತೆಯಂತೆ ಕೂರುವುದು ಈ ಆಟದ ನಿಜವಾದ ಹಾಸ್ಯ. ದಿಂಬಿನ ಕಾಳಗ ಅದರ ಮುಂದೆ ಸಪ್ಪೆ. ಅಂದರೆ ನೋಡುಗರಿಗೆಂದೇ ಇದ್ದದ್ದು ವರ್ಷ ಕಳೆದಂತೆ ಉದುರಿಹೋಗಿದೆ. ಕಾಲುಚೀಲಗಳೂ ಕಡಿಮೆಯಾಗಿ, ಬಹುಮಂದಿ ಮಾಮೂಲಿ ಕ್ರೀಡಾ ಉಡುಪಿಗೆ ಬಂದಿದ್ದಾರೆ. ಕೆಲವರು ಮನೆಯ ಹೆಸರಿನಲ್ಲೇ ಆಡುತ್ತಾರೆ. ಆದರೂ ಕಟ್ಟಿಕೊಂಡ ಹೆಸರುಗಳು ಹೆಚ್ಚಾಗಿ ಉಳಿದಿವೆ, ಏಕೆಂದರೆ ಅವು ಆಡುವವರಿಗೆ ಬೇಕಾದವು. ಸೋಮವಾರ ಶಾಲೆಯಲ್ಲಿ ಪಾಠ ಹೇಳಬೇಕಾದ, ಆಸ್ಪತ್ರೆಯಲ್ಲಿ ಸೂಜಿ ಚುಚ್ಚಬೇಕಾದ ಹೆಂಗಸಿಗೆ ಶನಿವಾರಕ್ಕೊಂದು ಬೇರೆ ಹೆಸರು ಬೇಕೆನಿಸಿದರೆ ಅದರಲ್ಲಿ ಅಚ್ಚರಿ ಏನು? ಯಕ್ಷಗಾನದ ಊರಿನವರಾದ ನಾವು ಬಣ್ಣ ಹಚ್ಚಿದವರನ್ನು ಕಂಡ ಮಾತ್ರಕ್ಕೆ ಅವರ ದುಡಿಮೆ ಸುಳ್ಳೆನ್ನುವುದು ಶೋಭಿಸುವುದಿಲ್ಲ.

ಎರಡನೆಯ ಆಕ್ಷೇಪಣೆ ಹೊಡೆತದ್ದು. ಹೆಂಗಸರು ಹೆಂಗಸರನ್ನು ಬೀಳಿಸುವುದನ್ನು ದುಡ್ಡು ಕೊಟ್ಟು ನೋಡುವುದು ಸಭ್ಯತೆಯೇ ಎಂದು ಕೇಳುವವರಿದ್ದಾರೆ. ಇವರಲ್ಲಿ ಹಲವರಿಗೆ ಗಂಡಸರು ಗಂಡಸರನ್ನು ಬೀಳಿಸುವುದು ಪರಂಪರೆಯಾಗಿ ಕಾಣುತ್ತದೆ. ಆ ಮಾತು ಇರಲಿ. ಪೆಟ್ಟು ಬೀಳುವುದು ನಿಜ. ಕಣಕಾಲು ಮುರಿಯುತ್ತದೆ, ಮೊಣಕಾಲು ತಿರುಚುತ್ತದೆ, ತಲೆಗೂ ಅಪಾಯವಿದೆ. ವೈದ್ಯಕೀಯ ಸಿಬ್ಬಂದಿ ಪಕ್ಕದಲ್ಲೇ ಇರುವುದು ಅಲಂಕಾರಕ್ಕಲ್ಲ. ಆದರೆ ಇದು ಬೀದಿ ಜಗಳವೆಂದು ತಿಳಿದವರು ರೆಫರಿಗಳನ್ನು ಒಮ್ಮೆ ಎಣಿಸಬೇಕು. ಬೆನ್ನಿಗೆ ತಳ್ಳುವಂತಿಲ್ಲ, ತಲೆ ಮುಟ್ಟುವಂತಿಲ್ಲ, ಮೊಣಕೈ ಬೀಸುವಂತಿಲ್ಲ, ಕಾಲು ಅಡ್ಡ ಕೊಡುವಂತಿಲ್ಲ, ಕೈಯಿಂದ ಹಿಡಿಯುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳಲು ಸ್ಕೇಟಿನ ಮೇಲೆ ಏಳು ಮಂದಿ ರೆಫರಿಗಳವರೆಗೆ ಓಡಾಡುತ್ತಾರೆ. ಇವರ ಜೊತೆಗೆ ಅಂಕ, ಶಿಕ್ಷೆ, ಸಮಯ ಬರೆದುಕೊಳ್ಳುವ, ಸ್ಕೇಟಿಲ್ಲದ ಅಧಿಕಾರಿಗಳ ಇನ್ನೊಂದು ಪಡೆ. ಆಡುವವರು ಹತ್ತು, ಆಳುವವರು ಅದಕ್ಕಿಂತ ಹೆಚ್ಚು: ಪ್ರಜೆಗಳಿಗಿಂತ ಸರ್ಕಾರ ದೊಡ್ಡದಾದರೂ ಕೆಲಸ ಸಾಗುವ ಅಪರೂಪದ ವ್ಯವಸ್ಥೆ ಇದು. ಹೆಚ್ಚಿನವರಿಗೆ ಸಂಬಳವಿಲ್ಲ ಎಂಬುದೇ ಅದರ ಗುಟ್ಟಿರಬಹುದು. ಯಾರಿಗಾದರೂ ನಿಜವಾಗಿ ಪೆಟ್ಟಾದರೆ ಎರಡೂ ತಂಡದವರು ಮಂಡಿಯೂರಿ ಕಾಯುತ್ತಾರೆ. ಅವಳು ಎದ್ದ ಮೇಲೆಯೇ ಚಪ್ಪಾಳೆ. ಇನ್ನು ಊರಿನ ಪಂದ್ಯದಲ್ಲಿ ಎದುರಾಳಿ ಎಂದರೆ ಯಾರು? ಪೋರ್ಟ್‌ಲ್ಯಾಂಡಿನ ರೋಸ್ ಸಿಟಿ ರೋಲರ್ಸ್ ಲೀಗಿನಲ್ಲಿ ಹೆದರ್ಸ್, ಬೆಟ್ಟೀಸ್, ಗನ್ಸ್ ಎನ್ ರೋಲರ್ಸ್, ಹೈ ರೋಲರ್ಸ್ ಎಂಬ ಮನೆ ತಂಡಗಳಿವೆ. ಇಂದು ಪರಸ್ಪರ ನೆಲಕ್ಕೆ ಹಾಕುವವರು ವಾರದ ನಡುವೆ ಒಂದೇ ಸಮಿತಿಯ ಸಭೆಯಲ್ಲಿ ಕೂತು ಲೀಗಿನ ಬಾಡಿಗೆ ಬಿಲ್ಲಿನ ಚರ್ಚೆ ಮಾಡುವ ಸದಸ್ಯೆಯರು. ಸಮಿತಿ ಸಭೆಗಳಲ್ಲಿ ಕೂತು ಬಲ್ಲವರಿಗೆ ಇವೆರಡರಲ್ಲಿ ಯಾವುದು ಹೆಚ್ಚು ಹಿಂಸೆ ಎಂದು ವಿವರಿಸಬೇಕಿಲ್ಲ.

ಮೂರನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಗಟ್ಟಿ. ಆಟ ಆಡುವವರಿಗಾಗಿಯೇ ಇದ್ದರೆ ನಾವೇಕೆ ಟಿಕೆಟ್ ಕೊಳ್ಳಬೇಕು? ಅರ್ಥವಾಗದ್ದನ್ನು ನೋಡಲು ಶಾಸ್ತ್ರೀಯ ಸಂಗೀತ ಕಛೇರಿಗಳು ಸಾಲವೇ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ: ಸಂಬಳವಿಲ್ಲದ ಆಟವನ್ನು ಯಾರು ಆಡಲು ಸಾಧ್ಯ? ಆಟಗಾರ್ತಿಯರು ತಿಂಗಳು ತಿಂಗಳು ಲೀಗಿಗೆ ವಂತಿಗೆ ಕೊಡುತ್ತಾರೆ. ಸ್ಕೇಟು, ಪ್ಯಾಡು, ವಿಮೆ, ಬಹುತೇಕ ಪರಸ್ಥಳದ ಪ್ರಯಾಣ ಎಲ್ಲ ತಮ್ಮ ಖರ್ಚು. ಐಪಿಎಲ್ಲಿನಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಇಲ್ಲಿ ಆಟಗಾರ್ತಿ ತನ್ನನ್ನು ತಾನೇ ಕೊಂಡುಕೊಳ್ಳಬೇಕು. ಬಿಡುವಿಲ್ಲದವರಿಗೆ, ಬಡವರಿಗೆ, ಪೆಟ್ಟಾದರೆ ಮರುದಿನದ ಕೂಲಿ ಹೋಗುವವರಿಗೆ ಈ ಒಡೆತನದಿಂದ ಏನು ಬಂತು ಎಂದು ಕೇಳಿದರೆ ನನ್ನ ಬಳಿ ನುಣುಪಾದ ಉತ್ತರವಿಲ್ಲ. ಆಡುವವರೇ ನಡೆಸುವ ಆಟದಲ್ಲಿ ಆಡಲಾಗದವರ ದನಿ ಕೇಳುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಮೊದಲ ಪ್ರಶ್ನೆಗೆ ಉತ್ತರವಿದೆ. ನೋಡುಗನನ್ನು ಮೆಚ್ಚಿಸಲು ಟೊಂಕ ಕಟ್ಟಿದ ಆಟ ಅವನನ್ನು ಗಿರಾಕಿಯಾಗಿ ಕಾಣುತ್ತದೆ: ಓವರಿನ ನಡುವೆ ಜಾಹೀರಾತು, ಬೌಂಡರಿಗೆ ಕುಣಿತ, ಬೇಸರವಾಗುವ ಮೊದಲೇ ಪಟಾಕಿ. ಡರ್ಬಿ ನೋಡುಗನನ್ನು ಅತಿಥಿಯಾಗಿ ಕಾಣುತ್ತದೆ. ಅತಿಥಿಗಾಗಿ ಮನೆಯವರು ತಮ್ಮ ದಿನಚರಿ ಬದಲಿಸುವುದಿಲ್ಲ, ಆದರೆ ಒಳಗೆ ಬಿಟ್ಟುಕೊಳ್ಳುತ್ತಾರೆ. 2011ರಲ್ಲಿ ಟೊರಾಂಟೊದಲ್ಲಿ ಹದಿಮೂರು ದೇಶಗಳ ಮೊದಲ ವಿಶ್ವಕಪ್ ನಡೆಯಿತು; ಫೈನಲ್ಲಿನಲ್ಲಿ ಅಮೆರಿಕ ಕೆನಡಾವನ್ನು 336–33ರಿಂದ ಸೋಲಿಸಿತು. ನೋಡುಗರ ಲೆಕ್ಕದಲ್ಲಿ ಆ ಪಂದ್ಯ ಕಾಲು ಗಂಟೆಗೆ ಮುಗಿದುಹೋದದ್ದು. ಆಡುವವರ ಲೆಕ್ಕದಲ್ಲಿ ಅರವತ್ತು ನಿಮಿಷವೂ ಆಟವೇ. ಸೋಲು ಖಚಿತವಾದ ಮೇಲೂ ಬೆವರಿಳಿಸಿ ಆಡುವವರನ್ನು ನೋಡುವುದರಲ್ಲಿ ಒಂದು ಸುಖವಿದೆ. ಅದನ್ನು ಜಾಹೀರಾತಿನ ಆಟಗಳು ಕೊಡಲಾರವು, ಏಕೆಂದರೆ ಅಲ್ಲಿ ಅಷ್ಟು ಹೊತ್ತಿಗೆ ಕ್ಯಾಮೆರಾ ಬೇರೆಡೆಗೆ ತಿರುಗಿರುತ್ತದೆ.

ಹೀಗೆಂದು ಎಲ್ಲ ಆಟಗಳೂ ಟೇಪು ಅಂಟಿಸಿಕೊಂಡು ವಂತಿಗೆಯಲ್ಲಿ ಬದುಕಲಿ ಎಂದು ನಾನು ಹೇಳುವುದಿಲ್ಲ. ದುಡಿದವರಿಗೆ ದುಡ್ಡು ಸಿಗುವುದು ಒಳ್ಳೆಯದೇ, ಡರ್ಬಿಯವರಿಗೂ ಸಿಗಲಿ. ಆದರೆ ದುಡ್ಡು ತರುವವನ ಕೈಗೆ ನಿಯಮದ ಪುಸ್ತಕವನ್ನೂ ಕೊಟ್ಟರೆ ಏನಾಗುತ್ತದೆಂದು ಇದೇ ಆಟ ಒಮ್ಮೆ ತೋರಿಸಿದೆ: ಕೊನೆಗೆ ಮೊಸಳೆ ಬರುತ್ತದೆ. ಆಸ್ಟಿನ್, ಪೋರ್ಟ್‌ಲ್ಯಾಂಡ್, ಟೊರಾಂಟೊ, ಮೆಲ್ಬರ್ನ್ ಕಡೆ ಇರುವ ಕನ್ನಡಿಗರಿಗೆ, ಮಕ್ಕಳ ಮನೆಗೆಂದು ಆರು ತಿಂಗಳಿಗೆ ಬಂದು ನಯಾಗರವನ್ನೂ ವೆಂಕಟೇಶ್ವರನ ದೇವಸ್ಥಾನವನ್ನೂ ಮುಗಿಸಿ ಕಿಟಕಿಯಾಚೆ ನೋಡುತ್ತ ಕುಳಿತ ಅವರ ತಂದೆತಾಯಿಯರಿಗೆ ನನ್ನದೊಂದು ಶಿಫಾರಸು: ಊರಿನ ಲೀಗಿನ ಪಂದ್ಯಕ್ಕೆ ಒಂದು ಸಂಜೆ ಹೋಗಿಬನ್ನಿ. ನೆಲದಂಚಿನ ಸೀಟುಗಳನ್ನು ಗಟ್ಟಿ ಎದೆಯ ಯುವಕರಿಗೆ ಬಿಡಿ, ಆಟಗಾರ್ತಿಯರು ಮಡಿಲಿಗೆ ಬಂದು ಬೀಳುವ ಸಾಧ್ಯತೆ ಅಲ್ಲಿ ಇದೆ. ನಕ್ಷತ್ರದವಳ ಮೇಲೆ ಮಾತ್ರ ಕಣ್ಣಿಡಬೇಡಿ. ಅವಳನ್ನು ತಡೆಯುವ ನಾಲ್ವರು ಒಬ್ಬರನ್ನೊಬ್ಬರು ಮುಟ್ಟಿಕೊಂಡು ಹೇಗೆ ಜಾಗ ಬದಲಿಸುತ್ತಾರೆಂದು ನೋಡಿ, ಆಟ ಇರುವುದು ಅಲ್ಲಿ. ಮೊದಲ ಅರ್ಧದಲ್ಲಿ ಯಾರು ಗೆಲ್ಲುತ್ತಿದ್ದಾರೆಂದು ಪಕ್ಕದವರನ್ನು ಕೇಳಬೇಡಿ, ಅವರು ಹೇಳಿಬಿಡುತ್ತಾರೆ. ಪಂದ್ಯ ಮುಗಿದ ಮೇಲೆ ಕೈಲಾದರೆ ನಾಲ್ಕು ಕುರ್ಚಿ ಮಡಚಿ ಗೋಡೆಗೆ ಒರಗಿಸಿ ಬನ್ನಿ. ಇಲ್ಲದಿದ್ದರೆ ಅದನ್ನೂ ಆಡಿ ದಣಿದವರೇ ಮಾಡಬೇಕಾಗುತ್ತದೆ.